ನಡೆಯುವಾಗ ವಾಲಿದ ಹಾಗಾಗುತ್ತಾ? ಮೈಯ ಸಮತೋಲ ಮನೆಯಲ್ಲೇ ಪರೀಕ್ಷಿಸಿ ಗಟ್ಟಿ ಮಾಡಿಕೊಳ್ಳುವ ಬಗೆ

ಮಳೆಗಾಲ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. ಸಕಲೇಶಪುರದವರು, ಮೂಡಿಗೆರೆಯವರು, ಕೊಪ್ಪದವರು, ಅರಸೀಕೆರೆಯ ಬಯಲಿನವರು, ಎಲ್ಲರೂ ಕೇಳುತ್ತಾರೆ: "ಕಾಲಲ್ಲಿ ನೋವಿಲ್ಲ, ಶಕ್ತಿನೂ ಇದೆ. ಆದ್ರೂ ನಡೆಯೋವಾಗ ಒಂದು ಕಡೆ ವಾಲಿದ ಹಾಗಾಗುತ್ತೆ. ಮೆಟ್ಟಿಲು ಇಳಿಯೋಕೆ ಭಯ. ಏನ್ ಮಾಡ್ಲಿ?"

ಉತ್ತರವನ್ನೂ ಅವರೇ ಊಹಿಸಿಕೊಂಡಿರುತ್ತಾರೆ. ಕೆಲವರು ಕಿವಿ ಅನ್ನುತ್ತಾರೆ. ಕೆಲವರು ಬಿಪಿ, ಇನ್ನು ಕೆಲವರು ಕ್ಯಾಲ್ಸಿಯಂ ಕಮ್ಮಿ. ಬಹಳ ಜನ "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗಿಬಿಡುತ್ತಾರೆ. ನನಗೆ ಬೇಸರ ತರುವುದು ಈ ಕೊನೆಯ ಉತ್ತರವೇ. ಸಮತೋಲವನ್ನು ಮೈ ಚಿಕ್ಕಂದಿನಲ್ಲಿ ಬಿದ್ದು ಎದ್ದು ಕಲಿತದ್ದು. 70 ದಾಟಿದ ಮೇಲೂ ಅದನ್ನು ಮತ್ತೆ ಕಲಿಸಬಹುದು. ಆದರೆ ಎಲ್ಲಿ ಕೊರತೆಯಾಗಿದೆ ಅನ್ನುವುದು ಮೊದಲು ಗೊತ್ತಾಗಬೇಕು.

ಶುರು ಮಾಡುವ ಮುಂಚೆ

ತಲೆಸುತ್ತು ಅಥವಾ ತೂರಾಟ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಈ ಲೇಖನ ಪಕ್ಕಕ್ಕಿಡಿ. ಅದರ ಜೊತೆ ಮಾತು ತೊದಲುವುದು, ಬಾಯಿ ಒಂದು ಕಡೆ ಎಳೆಯುವುದು, ಒಂದು ಕೈ ಅಥವಾ ಕಾಲು ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಹಿಂದೆಂದೂ ಬರದಂಥ ತಲೆನೋವು, ಹಿಡಿದುಕೊಂಡರೂ ನಿಲ್ಲಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ಅದು ಪಾರ್ಶ್ವವಾಯು ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ಮೆದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಮೊದಲ 4.5 ಗಂಟೆಯೊಳಗೆ. ಘಟ್ಟದಂಚಿನ ಊರಿನಿಂದ ಹಾಸನಕ್ಕೋ ಚಿಕ್ಕಮಗಳೂರಿಗೋ ಬರಲು ದಾರಿಯಲ್ಲೇ ಎಷ್ಟು ಹೊತ್ತು ಹೋಗುತ್ತದೆ ಅಂತ ನಿಮಗೇ ಗೊತ್ತು. "ಬೆಳಿಗ್ಗೆ ನೋಡೋಣ, ಮಲಗಿದ್ರೆ ಸರಿ ಹೋಗುತ್ತೆ" ಅನ್ನಬೇಡಿ.

ನಾವು ಬೀಳದೆ ನಿಲ್ಲುವುದು ಹೇಗೆ

ಬೇಲೂರಿನ ದೇವಸ್ಥಾನದ ಅಂಗಳದಲ್ಲಿ ಎತ್ತರದ ಒಂದು ಕಲ್ಲಿನ ಕಂಬ ಇದೆ, ನೋಡಿರುತ್ತೀರಿ. ಬುಡವನ್ನು ನೆಲದಲ್ಲಿ ಹೂಳಿಲ್ಲ, ತನ್ನ ಭಾರದ ಮೇಲೇ ನಿಂತಿದೆ ಅನ್ನುತ್ತಾರೆ. ನಮ್ಮ ಮೈ ಹಾಗೆ ನಿಲ್ಲಲಾರದು. ಭಾರದ ನಡುಬಿಂದು ಹೊಕ್ಕುಳಕ್ಕಿಂತ ಸ್ವಲ್ಪ ಕೆಳಗೆ, ಸೊಂಟದ ಒಳಗಿದೆ. ಅದರಿಂದ ನೇರ ಕೆಳಕ್ಕೆ ಗೆರೆ ಎಳೆದರೆ ಅದು ಪಾದದ ಗಂಟಿಗಿಂತ ಸ್ವಲ್ಪ ಮುಂದೆ ಬೀಳುತ್ತದೆ. ಅಂದರೆ ಸುಮ್ನೆ ನಿಂತಾಗಲೂ ನಾವು ಮುಂದಕ್ಕೆ ಬೀಳುತ್ತಲೇ ಇರುತ್ತೇವೆ. ಮೀನಖಂಡ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂಗಾಟ ಎಲ್ಲರಲ್ಲೂ ಇದೆ. ತೂಗಾಟ ಇರುವುದು ರೋಗವಲ್ಲ. ಅದನ್ನು ಹೊತ್ತಿಗೆ ಸರಿಯಾಗಿ ಹಿಡಿಯಲಾಗದಿದ್ದರೆ ಮಾತ್ರ ತೊಂದರೆ.

ಹಿಡಿಯಬೇಕಾದರೆ ಮೆದುಳಿಗೆ ಸುದ್ದಿ ಬೇಕು. ಅದು ಮೂರು ಕಡೆಯಿಂದ ಬರುತ್ತದೆ.

ಮೊದಲನೆಯದು ಒಳಗಿವಿ. ಕಿವಿಯ ತಮಟೆಗಿಂತ ಒಳಗೆ, ಮೂಳೆಯ ಗೂಡಿನಲ್ಲಿ, ಒಂದೊಂದು ಕಡೆಗೂ ಮೂರು ಸಣ್ಣ ಕಮಾನಿನಂಥ ಕೊಳವೆಗಳಿವೆ. ಒಳಗೆಲ್ಲ ದ್ರವ. ತಲೆ ತಿರುಗಿಸಿದಾಗ ಕೊಳವೆ ತಿರುಗುತ್ತದೆ, ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ಆ ಒತ್ತಡಕ್ಕೆ ಒಳಗಿನ ಸೂಕ್ಷ್ಮ ಕೂದಲುಗಳು ಬಾಗಿ ಮೆದುಳಿಗೆ ತಿಳಿಸುತ್ತವೆ. ಪಕ್ಕದಲ್ಲೇ ಎರಡು ಪುಟ್ಟ ಚೀಲಗಳಿವೆ. ಅವುಗಳಲ್ಲಿ ಸುಣ್ಣದ ಅಂಶದ ಹರಳುಗಳಿವೆ. ತಲೆ ಯಾವ ಕಡೆ ಓರೆಯಾಗಿದೆ, ಬಸ್ಸು ಮುಂದೆ ಹೊರಟಿತಾ ನಿಂತಿತಾ ಅಂತ ಹೇಳುವುದು ಈ ಹರಳುಗಳ ಜಾರಾಟ. ಈ ಕೊಳವೆಗಳ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕೆ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಂತು.

ಇದನ್ನು ಈಗಲೇ ಪರೀಕ್ಷಿಸಿ ನೋಡಿ. ಫೋನನ್ನು ಅಲುಗಾಡಿಸದೆ ಹಿಡಿದು, ಬೇಡ ಅನ್ನುವ ಹಾಗೆ ತಲೆಯನ್ನು ಬೇಗ ಬೇಗ ಆಡಿಸುತ್ತಾ ಈ ಸಾಲು ಓದಿ. ಓದಲು ಬರುತ್ತದೆ. ಈಗ ತಲೆ ನಿಲ್ಲಿಸಿ, ಫೋನನ್ನು ಅಷ್ಟೇ ವೇಗವಾಗಿ ಆಡಿಸಿ. ಅಕ್ಷರ ಕಲಸಿಹೋಗುತ್ತದೆ. ತಲೆ ಆಡಿಸಿದಾಗ ಒಳಗಿವಿಯ ಸುದ್ದಿ ಹಿಡಿದು ಕಣ್ಣು ತಾನಾಗಿ ಎದುರು ದಿಕ್ಕಿಗೆ ಹೊರಳುತ್ತದೆ. ಫೋನ್ ಆಡಿಸಿದರೆ ಆ ಸಹಾಯ ಇಲ್ಲ.

ಎರಡನೆಯದು ಕಣ್ಣು. ಬಾಗಿಲಿನ ಚೌಕಟ್ಟು, ಮರದ ಬೊಡ್ಡೆ, ದೂರದ ಗುಡ್ಡದ ಗೆರೆ ನೋಡಿ ನೆಟ್ಟಗೆ ಯಾವುದು, ಓರೆ ಯಾವುದು ಅಂತ ಮೆದುಳು ಲೆಕ್ಕ ಹಾಕುತ್ತದೆ. ಮುಳ್ಳಯ್ಯನಗಿರಿಯಲ್ಲಿ ಮಂಜು ಕವಿದಾಗ ಮೆಟ್ಟಿಲ ಮೇಲೆ ಕಾಲು ತಡವರಿಸುವುದು ಇದಕ್ಕೇ. ನೋಡಿ ಹಿಡಿಯಲು ಗೆರೆಯೇ ಇಲ್ಲ.

ಮೂರನೆಯದು ಅಂಗಾಲು, ಕೀಲು, ಸ್ನಾಯು. ಕಣ್ಣು ಮುಚ್ಚಿಕೊಂಡರೂ ನಿಮ್ಮ ಕೈ ಎಲ್ಲಿದೆ ಅಂತ ನಿಮಗೆ ಗೊತ್ತು, ಅಲ್ವಾ? ಅದೇ ಅರಿವು. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಚಪ್ಪಲಿ ಬಿಟ್ಟು ಹತ್ತಬೇಕು. ಬಂಡೆಯಲ್ಲೇ ಕೆತ್ತಿದ ಆ ಆರುನೂರಕ್ಕೂ ಹೆಚ್ಚು ಮೆಟ್ಟಿಲಲ್ಲಿ ಪ್ರತಿ ಓರೆಯನ್ನೂ ಅಂಗಾಲು ಓದುತ್ತದೆ. ಹಲವು ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಮೊದಲು ಮಂಕಾಗುವುದು ಈ ಸುದ್ದಿಯೇ. ವಿಟಮಿನ್ ಬಿ12 ಕಮ್ಮಿಯಾದರೂ ಹೀಗಾಗುತ್ತದೆ. "ಹತ್ತಿಯ ಮೇಲೆ ನಡೆದ ಹಾಗಿದೆ" ಅಂತ ಅವರು ಹೇಳುತ್ತಾರೆ.

ಮೂರೂ ಕಡೆಯ ಸುದ್ದಿಯನ್ನು ಕೂಡಿಸುವುದು ಮಿದುಳುಕಾಂಡ ಮತ್ತು ಕಿರುಮೆದುಳು. ಕಿರುಮೆದುಳು ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ ಇದೆ. ಸುದ್ದಿಗಳು ತಾಳೆಯಾಗದಿದ್ದರೆ ಹೊಟ್ಟೆ ತೊಳೆಸುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನೊಳಗೆ ಫೋನ್ ನೋಡುತ್ತಾ ಕೂತವರನ್ನು ನೆನಪಿಸಿಕೊಳ್ಳಿ. ಕಣ್ಣು "ಅಲುಗಾಟ ಇಲ್ಲ" ಅನ್ನುತ್ತದೆ, ಕಿವಿ "ತಿರುವು ಮೇಲೆ ತಿರುವು" ಅನ್ನುತ್ತದೆ. ಅದಕ್ಕೇ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡಿ ಅನ್ನುವುದು.

ಮೂರರಲ್ಲಿ ಒಂದು ಕೈಕೊಟ್ಟರೆ ಉಳಿದೆರಡು ನಿಭಾಯಿಸುತ್ತವೆ. ಎರಡು ಕೈಕೊಟ್ಟಾಗ ಬೀಳುತ್ತೇವೆ. ಅಂಗಾಲು ಮಂಕಾದವರು ಹಗಲಲ್ಲಿ ಚೆನ್ನಾಗಿ ನಡೆದು, ರಾತ್ರಿ ಕರೆಂಟ್ ಹೋದಾಗ ಬಚ್ಚಲ ದಾರಿಯಲ್ಲಿ ಬೀಳುವುದು ಹೀಗೆಯೇ.

ಹಂತ 1: ನಿಮ್ಮದು ಯಾವ ಬಗೆ, ಬೇರ್ಪಡಿಸಿ

"ತಲೆ ತಿರುಗುತ್ತೆ" ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆ ಅಡಗಿರುತ್ತವೆ. ಒಂದು ವಾರ ಚೀಟಿಯಲ್ಲಿ ಬರೆದಿಡಿ: ಯಾವಾಗ ಬಂತು, ಏನು ಮಾಡುತ್ತಿದ್ದಿರಿ, ಎಷ್ಟು ಹೊತ್ತು ಇತ್ತು. ವೈದ್ಯರಿಗೆ ಈ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಕಡೆ ಕತ್ತೆತ್ತಿದಾಗ ಮನೆಯೆಲ್ಲ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತರೆ, ಹೆಚ್ಚಾಗಿ ಆ ಹರಳುಗಳು ತಮ್ಮ ಚೀಲದಿಂದ ಜಾರಿ ಕೊಳವೆಯೊಳಗೆ ಸೇರಿಕೊಂಡಿರುತ್ತವೆ. ಕೇಳಲು ಭಯ ಅನಿಸಿದರೂ ಇದು ಸುಲಭವಾಗಿ ವಾಸಿಯಾಗುವಂಥದ್ದು. ಇಎನ್‌ಟಿ ವೈದ್ಯರು ಅಥವಾ ತರಬೇತಿ ಇರುವ ಫಿಸಿಯೋಥೆರಪಿಸ್ಟ್ ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಹರಳನ್ನು ಸ್ವಸ್ಥಾನಕ್ಕೆ ಸೇರಿಸುತ್ತಾರೆ. ಇದಕ್ಕೆ ಎಪ್ಲಿ ವಿಧಾನ ಅನ್ನುತ್ತಾರೆ. ಎಷ್ಟೋ ಸಲ ಒಂದೆರಡು ಭೇಟಿಯಲ್ಲೇ ಗುಣ ಕಾಣುತ್ತದೆ. ವಿಡಿಯೋ ನೋಡಿ ಮನೆಯಲ್ಲೇ ಮಾಡಬೇಡಿ. ಯಾವ ಕಿವಿ, ಯಾವ ಕೊಳವೆ ಅಂತ ಗೊತ್ತಿಲ್ಲದೆ ಹೊರಳಿಸಿದರೆ ಹರಳು ಇನ್ನೊಂದು ಕೊಳವೆಗೆ ಹೋಗಬಹುದು.

ಕೂತವರು ಎದ್ದ ಕೂಡಲೇ ಕಣ್ಣು ಕತ್ತಲೆ ಬಂದರೆ ಅದು ಬಿಪಿ ಇಳಿಯುವ ತೊಂದರೆ. ಮಲಗಿದಾಗ ಒಮ್ಮೆ, ಎದ್ದು ನಿಂತ 1 ಮತ್ತು 3 ನಿಮಿಷಕ್ಕೆ ಮತ್ತೆ ಬಿಪಿ ನೋಡಿಸಿ. ಮೇಲಿನ ಅಂಕಿ 20ರಷ್ಟು ಇಳಿದರೆ, ಅಥವಾ ಕೆಳಗಿನದು 10ರಷ್ಟು ಇಳಿದರೆ ವೈದ್ಯರಿಗೆ ಹೇಳಿ. ಕೂತು ಒಂದೇ ಸಲ ನೋಡಿದ ಬಿಪಿಯಲ್ಲಿ ಇದು ಸಿಗುವುದಿಲ್ಲ. ನೀವೇ ಕೇಳಿ ನೋಡಿಸಿಕೊಳ್ಳಬೇಕು.

ತಲೆ ತಿರುಗುವುದಿಲ್ಲ, ಕಾಲು ಮಾತ್ರ ನಿಲ್ಲುವುದಿಲ್ಲ ಅನ್ನುವವರಿಗೆ ಮುಂದಿನ ಹಂತಗಳು ಹೆಚ್ಚು ಉಪಯೋಗ. ನಾಲ್ಕನೆಯದು ಮಾತ್ರೆಯಿಂದ ಬರುವ ಮಂಪರು. ನಿದ್ದೆ ಮಾತ್ರೆ, ಕೆಲವು ಬಿಪಿ ಮಾತ್ರೆ, ನರದ ನೋವಿನ ಮಾತ್ರೆ ಇದನ್ನು ತರುತ್ತವೆ. ಇನ್ನೊಂದು ಮಾತು. ತಲೆಸುತ್ತು ಅಡಗಿಸುವ ಕೆಲವು ಮಾತ್ರೆಗಳು ನಾಲ್ಕು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಮೆದುಳು ಹೊಸ ಲೆಕ್ಕ ಕಲಿಯುವುದೇ ನಿಧಾನವಾಗುತ್ತದೆ. ಮೆಡಿಕಲ್ ಶಾಪಿನಿಂದ ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರುವುದು ಬೇಡ. ಹಾಗಂತ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಹಂತ 2: ಅಳೆದು ನೋಡಿ

ಬೇಕಾಗುವುದು ಗೋಡೆಯ ಮೂಲೆ, ಚಕ್ರವಿಲ್ಲದ ಭಾರದ ಕುರ್ಚಿ, ಸೆಕೆಂಡ್ ತೋರಿಸುವ ಗಡಿಯಾರ, ಮತ್ತು ಪಕ್ಕದಲ್ಲಿ ಒಬ್ಬರು. ಈ ಕೊನೆಯದನ್ನು ಬಿಡಬೇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ವಾಲಿದರೆ ಅದೂ ನಿಮ್ಮ ಜೊತೆ ಬೀಳುತ್ತದೆ.

ಮೂಲೆಗೆ ಬೆನ್ನು ಮಾಡಿ, ಬರಿಗಾಲಲ್ಲಿ ನಿಂತು, ಒಂದೊಂದನ್ನೂ 10 ಸೆಕೆಂಡ್ ಮಾಡಿ:

1. ಎರಡು ಪಾದ ಪಕ್ಕಪಕ್ಕ, ತಾಗಿಸಿಕೊಂಡು.
2. ಒಂದು ಪಾದ ಅರ್ಧ ಮುಂದೆ. ಹಿಂದಿನ ಪಾದದ ಹೆಬ್ಬೆರಳ ಪಕ್ಕಕ್ಕೆ ಮುಂದಿನ ಪಾದದ ಹಿಮ್ಮಡಿ ಬರಲಿ.
3. ಒಂದರ ಮುಂದೆ ಒಂದು. ಮುಂದಿನ ಹಿಮ್ಮಡಿ ಹಿಂದಿನ ಬೆರಳಿಗೆ ತಾಗಿರಲಿ.
4. ಒಂಟಿ ಕಾಲು. ಎಡ, ಬಲ ಎರಡನ್ನೂ ನೋಡಿ.

ಮೂರನೆಯದರಲ್ಲಿ 10 ಸೆಕೆಂಡ್ ನಿಲ್ಲಲಾಗದಿದ್ದರೆ ಬೀಳುವ ಅಪಾಯ ಜಾಸ್ತಿ ಇದೆ ಅಂತ ತಿಳಿಯಿರಿ. ಎಲ್ಲಿ ಕೈ ಗೋಡೆ ಹಿಡಿಯಿತೋ ಅಲ್ಲಿಗೆ ನಿಲ್ಲಿಸಿ, ಮುಂದಿನದಕ್ಕೆ ಹೋಗಬೇಡಿ.

ಆಮೇಲೆ ಕುರ್ಚಿಯ ಪರೀಕ್ಷೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 70ರಿಂದ 74 ವಯಸ್ಸಿನ ಗಂಡಸರು 12ಕ್ಕಿಂತ ಕಮ್ಮಿ, ಹೆಂಗಸರು 10ಕ್ಕಿಂತ ಕಮ್ಮಿ ಮಾಡಿದರೆ ತೊಡೆಯ ಶಕ್ತಿ ಇಳಿದಿದೆ ಎಂದರ್ಥ. ಕಡೆಯದಾಗಿ ಕುರ್ಚಿಯಿಂದ ಎದ್ದು, 3 ಮೀಟರ್ ಮಾಮೂಲಿಯಾಗಿ ನಡೆದು, ತಿರುಗಿ ಬಂದು ಕೂರಿ. 12 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಗಮನ ಕೊಡಬೇಕು.

ಪರೀಕ್ಷೆ ಅಂತ ಬಿಗಿಯಾಗಿ ಉಸಿರು ಹಿಡಿದು ನಿಲ್ಲುವವರೇ ಜಾಸ್ತಿ. ಉಸಿರು ಬಿಡಿ, ಎದುರಿನ ಗೋಡೆಯಲ್ಲಿ ಒಂದು ಗುರುತು ನೋಡಿ. ನೆಲ ನೋಡಬೇಡಿ.

ಹಂತ 3: ಯಾವ ಸುದ್ದಿ ಮಂಕಾಗಿದೆ, ಹುಡುಕಿ

ಪಾದ ಕೂಡಿಸಿ ನಿಂತು, ಪಕ್ಕದವರು ಕೈ ಚಾಚಿ ಸಿದ್ಧರಾದ ಮೇಲೆ, ಕಣ್ಣು ಮುಚ್ಚಿ. ಕಣ್ಣು ಬಿಟ್ಟಾಗ ಚೆನ್ನಾಗಿ ನಿಂತು, ಮುಚ್ಚಿದ ಕೂಡಲೇ ವಾಲಿದರೆ ನೀವು ಕಣ್ಣಿನ ಮೇಲೇ ನಿಂತಿದ್ದೀರಿ. ಅಂಗಾಲು ಅಥವಾ ಒಳಗಿವಿಯ ಸುದ್ದಿ ಸಾಲುತ್ತಿಲ್ಲ. ಇದಕ್ಕೆ ರೋಂಬರ್ಗ್ ಪರೀಕ್ಷೆ ಅನ್ನುತ್ತಾರೆ, 19ನೇ ಶತಮಾನದ ಜರ್ಮನ್ ವೈದ್ಯರೊಬ್ಬರ ಹೆಸರು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ನಿಮಗೆ ವಾಲಿದ ಹಾಗಾಗುತ್ತದೆಯೇ? ಅದೂ ಇದೇ ಲಕ್ಷಣ. ಅಂಥವರು ಕೂತು ಸ್ನಾನ ಮಾಡಬೇಕು.

ಗಟ್ಟಿ ನೆಲದಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತೀರಿ, ಮಡಚಿದ ಕಂಬಳಿಯ ಮೇಲೆ ಕಣ್ಣು ಮುಚ್ಚಿದರೆ ಮಾತ್ರ ಬೀಳುತ್ತೀರಿ ಅಂದರೆ ಒಳಗಿವಿಯ ಕಡೆ ಅನುಮಾನ. ಮೆತ್ತನೆ ನೆಲ ಅಂಗಾಲಿನ ಸುದ್ದಿಯನ್ನು ಕದಡುತ್ತದೆ, ಉಳಿಯುವುದು ಕಿವಿ ಒಂದೇ. ಸಕ್ಕರೆ ಕಾಯಿಲೆ ಇರುವವರು ಅಂಗಾಲಿನ ಸ್ಪರ್ಶವನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಇದು ರೋಗದ ತೀರ್ಮಾನವಲ್ಲ, ವೈದ್ಯರಿಗೆ ಹೇಳಲು ಒಂದು ಸುಳಿವು.

ಹಂತ 4: ಅಭ್ಯಾಸ

ಅಡುಗೆ ಕಟ್ಟೆಯ ಮುಂದೆ ನಿಂತು ಮಾಡಿ. ಎತ್ತರ ಸರಿಯಾಗಿದೆ, ಅಲ್ಲಾಡುವುದಿಲ್ಲ, ದಿನಾ ಅಲ್ಲಿಗೆ ಹೋಗುತ್ತೀರಿ.

ಹಂತ 2ರಲ್ಲಿ ಎಲ್ಲಿ ಸೋತಿರೋ ಅಲ್ಲಿಂದಲೇ ಶುರು. ಆ ನಿಲುವಿನಲ್ಲಿ ಮೊದಲು ಎರಡು ಕೈ ಕಟ್ಟೆಯ ಮೇಲಿಟ್ಟು, ಆಮೇಲೆ ಒಂದು ಕೈ, ಆಮೇಲೆ ಬೆರಳ ತುದಿ, ಕೊನೆಗೆ ಕೈ ಮೇಲಕ್ಕೆ. ಬೆರಳ ತುದಿಯ ಹಂತದಲ್ಲಿ ಬಹಳ ದಿನ ಇರಿ. ಭಾರ ಹಾಕದೆ ಸುಮ್ನೆ ತಾಗಿಸಿದರೂ ಮೈಯ ತೂಗಾಟ ಕಮ್ಮಿಯಾಗುತ್ತದೆ, ಏಕೆಂದರೆ ಬೆರಳೂ ಮೆದುಳಿಗೆ ಸುದ್ದಿ ಕೊಡುತ್ತದೆ. ಊರುಗೋಲಿನ ಉಪಯೋಗವೂ ಅರ್ಧ ಇದೇ. ಕೋಲು ಹಿಡಿಯಲು ನಾಚಿಕೆಪಡುವವರಿಗೆ ನಾನು ಇದನ್ನೇ ಹೇಳುವುದು. ಅದು ಮೂರನೇ ಅಂಗಾಲು. ಸೋತ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಲಿ. ತುದಿಯ ರಬ್ಬರ್ ಸವೆದಿದ್ದರೆ ಬದಲಿಸಿ.

ನಿಲ್ಲುವ ಅಭ್ಯಾಸದ ಜೊತೆ ಶಕ್ತಿಯದು. ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಕೂರುವಾಗ ನಿಧಾನ. ತೊಪ್ಪನೆ ಕೂತರೆ ಅಭ್ಯಾಸದ ಅರ್ಧ ಫಲ ಹೋಯಿತು. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು 10 ಸಲ, ಹಿಮ್ಮಡಿ ಊರಿ ಮುಂಗಾಲು ಎತ್ತುವುದು 10 ಸಲ. ಕಟ್ಟೆಯ ಉದ್ದಕ್ಕೂ ಅಡ್ಡ ಹೆಜ್ಜೆ ಹಾಕಿ, ವಾಪಸ್ ಬನ್ನಿ. ಈ ಅಡ್ಡ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಆದರೆ ಜೋರಾಗಿ ವಾಲಿದಾಗ ಮೈ ಉಳಿಸಿಕೊಳ್ಳುವುದು ಪಕ್ಕಕ್ಕೋ ಮುಂದಕ್ಕೋ ಒಂದು ಹೆಜ್ಜೆ ಇಟ್ಟೇ. ಸಣ್ಣ ವಾಲಾಟಕ್ಕೆ ಪಾದದ ಗಂಟು, ಸ್ವಲ್ಪ ದೊಡ್ಡದಕ್ಕೆ ಸೊಂಟ, ಅದಕ್ಕೂ ಮೀರಿದರೆ ಹೆಜ್ಜೆ. ಮೂರನೆಯದು ಚುರುಕಾಗಿರಬೇಕು.

ಇಷ್ಟು ಸಲೀಸಾದ ಮೇಲೆ ತಲೆ ಸೇರಿಸಿ. ನಿಂತು ಎಡಕ್ಕೆ ಬಲಕ್ಕೆ ನೋಡಿ, ಆಮೇಲೆ ನಡೆಯುತ್ತಾ ನೋಡಿ. ಸ್ವಲ್ಪ ಮಂಪರು ಬಂದರೆ ಹೆದರಬೇಡಿ, ನಿಂತು ಸುಧಾರಿಸಿಕೊಂಡು ಮತ್ತೆ ಮಾಡಿ. ಮೆದುಳು ಕಲಿಯುವುದು ಆ ಸಣ್ಣ ತಡವರಿಕೆಯಿಂದಲೇ. ವಾಂತಿ ಬರುವಷ್ಟಾದರೆ ಅವತ್ತಿಗೆ ಸಾಕು.

ದಿನಕ್ಕೆ 10 ನಿಮಿಷದಿಂದ ಶುರು ಮಾಡಿ ಏರಿಸಿ. ಸಮತೋಲದ ಅಭ್ಯಾಸ ಸೇರಿದ ವ್ಯಾಯಾಮ ವಯಸ್ಸಾದವರಲ್ಲಿ ಬೀಳುವುದನ್ನು ಸುಮಾರು ಕಾಲು ಭಾಗ ಕಮ್ಮಿ ಮಾಡುತ್ತದೆ. ಹೆಚ್ಚು ಫಲ ಕಂಡಿರುವುದು ವಾರಕ್ಕೆ 3 ಗಂಟೆಗೂ ಹೆಚ್ಚು ಮಾಡಿದವರಲ್ಲಿ. ಬರೀ ವಾಕಿಂಗ್ ಇದಕ್ಕೆ ಸಾಲದು. ಸಮತಟ್ಟಾದ ರಸ್ತೆಯಲ್ಲಿ ನಡೆದರೆ ಹೃದಯಕ್ಕೆ ಒಳ್ಳೆಯದು, ಸಮತೋಲಕ್ಕೆ ಸವಾಲು ಇಲ್ಲ. ಬಿಟ್ಟರೆ ಕಲಿತದ್ದೂ ಇಳಿಯುತ್ತದೆ.

ಹಂತ 5: ಮನೆ, ಅಂಗಳ, ತೋಟ

ನಮ್ಮ ಮಲೆನಾಡಿನ ಮನೆಗಳು ಚಂದ, ಆದರೆ ಎತ್ತರದ ಹೊಸಿಲು, ಅಂಗಳಕ್ಕೆ ಇಳಿಯುವ ಒಂಟಿ ಮೆಟ್ಟಿಲು, ಕತ್ತಲೆಯ ಬಚ್ಚಲು ಎಲ್ಲ ಇವೆ. ಹೊಸಿಲಿಗೂ ಮೆಟ್ಟಿಲಂಚಿಗೂ ಬಿಳಿ ಅಥವಾ ಹಳದಿ ಪಟ್ಟಿ ಬಳಿಯಿರಿ. ಬಚ್ಚಲ ಗೋಡೆಗೆ ಹಿಡಿ ಹಾಕಿಸಿ. ಟವೆಲ್ ಹಾಕುವ ಕಂಬಿ ಮೈ ಭಾರ ತಡೆಯುವುದಿಲ್ಲ. ಹಾಸಿಗೆ ಪಕ್ಕದಲ್ಲಿ ಟಾರ್ಚ್ ಇರಲಿ, ಮಳೆಗಾಲದಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ.

ಕಲ್ಲಿನ ಮೆಟ್ಟಿಲು, ಕಣದ ಅಂಚು, ಬಾವಿಕಟ್ಟೆಯ ಹಾವಸೆಯನ್ನು ಮಳೆ ಹಿಡಿಯುವ ಮುಂಚೆಯೇ ಉಜ್ಜಿ ತೆಗೆಸಿ. ಬ್ಲೀಚಿಂಗ್ ಪೌಡರ್ ಹಾಕುವವರು ಅದರ ಜೊತೆ ಬೇರೆ ಕ್ಲೀನರ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಸವೆದ ಹವಾಯಿ ಚಪ್ಪಲಿಯಲ್ಲಿ ಅಂಗಳ ದಾಟಬೇಡಿ. ಹಿಂದೆ ಪಟ್ಟಿ ಇರುವ, ಅಡಿ ತೆಳುವಾದ, ಗೀರು ಉಳಿದಿರುವ ಚಪ್ಪಲಿ ಒಳ್ಳೆಯದು. ದಪ್ಪ ಮೆತ್ತನೆ ಅಡಿ ಅಂಗಾಲಿನ ಸುದ್ದಿಯನ್ನು ಮುಚ್ಚಿಬಿಡುತ್ತದೆ.

ಮಳೆಗೆ ತಲೆಯ ಮೇಲಿಂದ ಹೊದೆಯುವ ಕೊಪ್ಪೆ ಹಾಕಿದರೆ ಅಕ್ಕಪಕ್ಕ ಕಾಣುವುದಿಲ್ಲ, ಮಳೆಯ ಸದ್ದಿನಲ್ಲಿ ಕೇಳುವುದೂ ಇಲ್ಲ. ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟುವಾಗ ಅದನ್ನು ಹಿಂದಕ್ಕೆ ಸರಿಸಿ. ಕತ್ತೆತ್ತಿದರೆ ತಲೆ ತಿರುಗುವವರು ಕಾಳುಮೆಣಸು ಕೊಯ್ಯಲು ಏಣಿ ಹತ್ತಲೇಬಾರದು, ಎಷ್ಟೇ ವರ್ಷದ ಅನುಭವ ಇರಲಿ. ಓದಲು ಕೆಳಗೊಂದು ಗಾಜಿರುವ ಕನ್ನಡಕ ಹಾಕುವವರಿಗೆ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಇಳಿಯುವಾಗ ಗದ್ದ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಿ, ಅಥವಾ ಓಡಾಡಲು ದೂರದೃಷ್ಟಿಯ ಬೇರೆ ಕನ್ನಡಕ ಮಾಡಿಸಿ.

ಹಂತ 6: ನಿಲುವು ಮತ್ತು ಭಾರ

"ನೆಟ್ಟಗೆ ನಿಲ್ಲು" ಅಂದರೆ ಎದೆ ಉಬ್ಬಿಸಿ ಬಿಗಿಯಾಗುವುದಲ್ಲ. ಭಾರ ಹಿಮ್ಮಡಿಗೂ ಮುಂಗಾಲಿಗೂ ಹಂಚಿರಲಿ, ಮಂಡಿ ಹಿಂದಕ್ಕೆ ಒತ್ತಿರಬಾರದು, ಕಿವಿ ಭುಜದ ನೇರಕ್ಕಿರಲಿ. ತಲೆಯೇ ಸುಮಾರು 5 ಕೆಜಿ ಇದೆ. ಅದು ಮುಂದೆ ಬಾಗಿದಷ್ಟೂ ಕತ್ತಿನ ಸ್ನಾಯು ಜಾಸ್ತಿ ದುಡಿಯಬೇಕು. ಕೂತು ಕಾಫಿ ಬೀಜ ಆರಿಸುವವರು, ಫೋನ್ ನೋಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಒಂದೇ ಭಂಗಿ ಎಷ್ಟು ಒಳ್ಳೆಯದಿದ್ದರೂ ಬಹಳ ಹೊತ್ತು ಬೇಡ.

ಒಂದೇ ಕೈಯಲ್ಲಿ ತುಂಬಿದ ಬಕೆಟ್ ಹಿಡಿದರೆ ಮೈ ಎದುರು ಕಡೆಗೆ ವಾಲಿ ನಡೆಯುತ್ತದೆ. ಎರಡು ಕೈಗೆ ಅರ್ಧರ್ಧ ಹಂಚಿ. ಆದರೆ ಮೆಟ್ಟಿಲಲ್ಲಿ ಒಂದು ಕೈ ಯಾವಾಗಲೂ ಖಾಲಿ ಇರಲಿ. ಹೆಗಲ ಮೇಲೆ ಮೂಟೆ ಬಂದರೆ ಭಾರದ ನಡುಬಿಂದು ಮೇಲೇರುತ್ತದೆ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಾಗಿ, ಅಡ್ಡಡ್ಡ ಹಾಕಿ. ಬೆನ್ನು ಹೊಸದಾಗಿ ಗೂನಾಗುತ್ತಿದ್ದರೆ, ಎತ್ತರ ಕುಗ್ಗಿದ ಹಾಗನಿಸಿದರೆ ಮೂಳೆ ಸವೆದು ಬೆನ್ನೆಲುಬು ಕುಸಿದಿರಬಹುದು. ತೋರಿಸಿ.

ಹಂತ 7: ಬಿದ್ದೇಬಿಟ್ಟರೆ

ತಟ್ಟನೆ ಏಳಬೇಡಿ, ಯಾರೂ ಎಳೆದು ಎಬ್ಬಿಸಬೇಡಿ. ಎರಡು ನಿಮಿಷ ಹಾಗೇ ಇದ್ದು ನೋವು ಎಲ್ಲಿದೆ ನೋಡಿಕೊಳ್ಳಿ. ನೋವಿಲ್ಲದಿದ್ದರೆ ಮಗ್ಗುಲಾಗಿ, ಮೊಣಕೈ ಊರಿ, ಅಂಬೆಗಾಲಿಗೆ ಬನ್ನಿ. ಹತ್ತಿರದ ಜಗಲಿ ಅಥವಾ ಕುರ್ಚಿಯ ತನಕ ಹೋಗಿ, ಎರಡು ಕೈ ಅದರ ಮೇಲಿಟ್ಟು, ಗಟ್ಟಿ ಇರುವ ಕಾಲನ್ನು ಮುಂದಿಟ್ಟು, ಎದ್ದು ಕೂರಿ. ಇದನ್ನು ಬೀಳುವ ಮುಂಚೆಯೇ ಚಾಪೆಯ ಮೇಲೆ ಒಮ್ಮೆ ಅಭ್ಯಾಸ ಮಾಡಿಡಿ.

ತೊಡೆಸಂದಿಯಲ್ಲಿ ನೋವಿದ್ದು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಮೂಳೆ ಮುರಿದಿರಬಹುದು. ನಡೆಸಿ ನೋಡಬೇಡಿ, ಎಣ್ಣೆ ಹಚ್ಚಿ ಉಜ್ಜಬೇಡಿ, 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ, ಗಾಯ ಕಾಣದಿದ್ದರೂ, ಮಾತಾಡಿಕೊಂಡು ಚೆನ್ನಾಗೇ ಇದ್ದರೂ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಮಾತ್ರೆಗಳ ಚೀಟಿಯೂ, ಹಂತ 1ರಲ್ಲಿ ಬರೆದಿಟ್ಟ ಚೀಟಿಯೂ ಜೊತೆಗಿರಲಿ.